ಹತ್ತು ಮೈಕ್ರೋಸೆಕೆಂಡ್‌ನ ಲೆಕ್ಕ: ಆರ್‌ಡಿಎಂಎ ಮೇಲಿನ ಸ್ಟೋರೇಜ್ ವೇಗವಾಗಿ ಓಡಬೇಕಾದರೆ

ವೈಟ್‌ಫೀಲ್ಡ್‌ನ ಒಂದು ಡೇಟಾ ಸೆಂಟರ್‌ನಲ್ಲಿ ಅಕ್ಕಪಕ್ಕ ಎರಡು ರ‍್ಯಾಕ್ ಇವೆ ಅಂತಿಟ್ಟುಕೊಳ್ಳಿ. ಒಂದರಲ್ಲಿ ಡೇಟಾಬೇಸ್ ಓಡುವ ಸರ್ವರ್‌ಗಳು. ಇನ್ನೊಂದರಲ್ಲಿ ಎಸ್‌ಎಸ್‌ಡಿ ತುಂಬಿದ ಸ್ಟೋರೇಜ್ ಸರ್ವರ್‌ಗಳು. ನಡುವೆ 100 ಗಿಗಾಬಿಟ್ ಸ್ವಿಚ್. ಡೇಟಾಬೇಸ್‌ನ ಕಣ್ಣಿಗೆ ಕಾಣುವುದು ಮಾಮೂಲಿ ಡಿಸ್ಕ್. ಆದರೆ ಆ ಡಿಸ್ಕ್ ನಿಜವಾಗಿ ಇರುವುದು ಪಕ್ಕದ ರ‍್ಯಾಕ್‌ನಲ್ಲಿ. ನೆಟ್‌ವರ್ಕ್ ಬ್ಲಾಕ್ ಸ್ಟೋರೇಜ್ ಅಂದರೆ ಇಷ್ಟೇ.

ಇದನ್ನು ಆರ್‌ಡಿಎಂಎ (ಸಿಪಿಯುಗೆ ಕೆಲಸ ಕೊಡದೆ ನೆಟ್‌ವರ್ಕ್ ಕಾರ್ಡೇ ಇನ್ನೊಂದು ಸರ್ವರ್‌ನ ಮೆಮೊರಿಗೆ ಸೀದಾ ಡೇಟಾ ಸಾಗಿಸುವ ಪದ್ಧತಿ) ಮೇಲೆ ಓಡಿಸಿದರೆ ದೂರದ ಡಿಸ್ಕ್ ಹತ್ತಿರದ ಡಿಸ್ಕ್‌ನಷ್ಟೇ ಚುರುಕಾಗಿರುತ್ತದೆ ಅನ್ನುವ ಮಾತನ್ನು ಬೆಂಗಳೂರಿನ ಸ್ಟೋರೇಜ್ ತಂಡಗಳಲ್ಲಿ ದಿನವೂ ಕೇಳುತ್ತೇವೆ. ಮಾತು ನಿಜ. ಆದರೆ ಕಾರ್ಡ್ ಕೊಂಡು ಹಾಕಿದ ದಿನವೇ ಆ ವೇಗ ಬರುವುದಿಲ್ಲ. ದುಬಾರಿ ಕಾರ್ಡ್, ದುಬಾರಿ ಸ್ವಿಚ್ ಎಲ್ಲ ಇದ್ದೂ ಹಳೆಯ ವ್ಯವಸ್ಥೆಗಿಂತ ನಿಧಾನವಾಗಿ ಓಡುವ ಕ್ಲಸ್ಟರ್‌ಗಳಿವೆ. ಯಾಕೆ ಹೀಗಾಗುತ್ತದೆ, ಎಲ್ಲಿ ಕೈ ಹಾಕಬೇಕು ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಸ್ವಲ್ಪ ಹಿನ್ನೆಲೆ. ಎನ್‌ವಿಎಂಇ ಅನ್ನುವ ಡಿಸ್ಕ್ ಭಾಷೆಯ ಮೊದಲ ಆವೃತ್ತಿ ಬಂದಿದ್ದು 2011ರಲ್ಲಿ. ಹಳೆಯ ಸಾಟಾ ಡಿಸ್ಕ್‌ಗಳ ಎಎಚ್‌ಸಿಐ ಪದ್ಧತಿಯಲ್ಲಿ ಒಂದೇ ಕ್ಯೂ (ಕಮಾಂಡ್‌ಗಳ ಸಾಲು), ಅದರಲ್ಲಿ 32 ಕಮಾಂಡ್ ಮಾತ್ರ. ಎನ್‌ವಿಎಂಇಯಲ್ಲಿ ಹತ್ತಿರಹತ್ತಿರ 64 ಸಾವಿರ ಕ್ಯೂಗಳಿರಬಹುದು, ಒಂದೊಂದರಲ್ಲೂ ಅಷ್ಟೇ ಕಮಾಂಡ್‌ಗಳಿರಬಹುದು. 2016ರಲ್ಲಿ ಇದೇ ಭಾಷೆಯನ್ನು ನೆಟ್‌ವರ್ಕ್ ಮೇಲೂ ಮಾತಾಡಲು ಎನ್‌ವಿಎಂಇ ಓವರ್ ಫ್ಯಾಬ್ರಿಕ್ಸ್ ಬಂತು. ಅದೇ ವರ್ಷ ಲಿನಕ್ಸ್ 4.8 ಕರ್ನಲ್‌ಗೂ ಸೇರಿತು. ಅದನ್ನು ರೂಪಿಸಿದವರು ಇಟ್ಟುಕೊಂಡ ಗುರಿ ಸ್ಪಷ್ಟವಾಗಿತ್ತು: ಸರ್ವರ್ ಒಳಗಿನ ಡಿಸ್ಕ್‌ಗೆ ಹೋಲಿಸಿದರೆ ನೆಟ್‌ವರ್ಕ್‌ನಿಂದಾಗಿ 10 ಮೈಕ್ರೋಸೆಕೆಂಡ್‌ಗಿಂತ ಜಾಸ್ತಿ ತಡ ಆಗಬಾರದು.

ಈ 10 ಮೈಕ್ರೋಸೆಕೆಂಡ್ ನೆನಪಿಡಿ. ಯಾವ ಸೆಟ್ಟಿಂಗ್ ಮುಖ್ಯ, ಯಾವುದು ಸುಮ್ನೆ ಸಮಯ ಹಾಳು ಅಂತ ತೀರ್ಮಾನಿಸುವುದು ಈ ಅಂಕಿಯೇ.

ಒಂದು ರೀಡ್ ಹೇಗೆ ನಡೆಯುತ್ತದೆ

ಮಾಮೂಲಿ ಟಿಸಿಪಿ ದಾರಿಯಲ್ಲಿ ಪ್ಯಾಕೆಟ್ ಬಂದ ಕೂಡಲೇ ಕಾರ್ಡ್ ಸಿಪಿಯುಗೆ ಇಂಟರಪ್ಟ್, ಅಂದರೆ 'ಕೆಲಸ ಬಂದಿದೆ' ಅನ್ನುವ ಸೂಚನೆ, ಕಳಿಸುತ್ತದೆ. ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಎದ್ದು, ಹೆಡರ್ ನೋಡಿ, ಕ್ರಮ ಸರಿಯಿದೆಯಾ ಪರೀಕ್ಷಿಸಿ, ಡೇಟಾವನ್ನು ಒಂದು ಬಫರ್‌ನಿಂದ ಇನ್ನೊಂದಕ್ಕೆ ನಕಲು ಮಾಡುತ್ತದೆ. ಪ್ರತಿ ಹೆಜ್ಜೆಯಲ್ಲೂ ಸಿಪಿಯು ಕೆಲಸ ಇದೆ.

ಆರ್‌ಡಿಎಂಎಯಲ್ಲಿ ಈ ಕೆಲಸವನ್ನೆಲ್ಲ ನೆಟ್‌ವರ್ಕ್ ಕಾರ್ಡೇ ಮಾಡುತ್ತದೆ. ಕೇಳುವ ಸರ್ವರ್ ಅನ್ನು ಹೋಸ್ಟ್ ಅಂತಲೂ, ಡಿಸ್ಕ್ ಇರುವ ಸರ್ವರ್ ಅನ್ನು ಟಾರ್ಗೆಟ್ ಅಂತಲೂ ಕರೆಯುತ್ತಾರೆ. ಹೋಸ್ಟ್ 64 ಬೈಟ್‌ನ ಒಂದು ಕಮಾಂಡ್ ಕಳಿಸುತ್ತದೆ. 'ಇಂಥ ಜಾಗದ ಡೇಟಾ ಬೇಕು, ನನ್ನ ಮೆಮೊರಿಯ ಈ ವಿಳಾಸಕ್ಕೆ ಹಾಕು, ಇಗೋ ಅದರ ಕೀ' ಅನ್ನುವುದು ಅದರ ಸಾರ. ಟಾರ್ಗೆಟ್ ಎಸ್‌ಎಸ್‌ಡಿಯಿಂದ ಓದುತ್ತದೆ. ಓದಿದ್ದನ್ನು ಅದರ ಕಾರ್ಡ್ ಸೀದಾ ಹೋಸ್ಟ್‌ನ ಮೆಮೊರಿಗೆ ಬರೆಯುತ್ತದೆ. ಕೊನೆಗೆ 16 ಬೈಟ್‌ನ ಒಂದು ಉತ್ತರ ಬರುತ್ತದೆ: ಕೆಲಸ ಮುಗಿಯಿತು ಅಂತ. ಡೇಟಾ ಬಂದು ಕೂರುವವರೆಗೂ ಹೋಸ್ಟ್‌ನ ಸಿಪಿಯು ಅದನ್ನು ಮುಟ್ಟುವುದೇ ಇಲ್ಲ.

ರೈಟ್ ಸ್ವಲ್ಪ ಬೇರೆ. ಹೋಸ್ಟ್ ಕಮಾಂಡ್ ಕಳಿಸುತ್ತದೆ, ಟಾರ್ಗೆಟ್ ಆಮೇಲೆ ಹೋಸ್ಟ್‌ನ ಮೆಮೊರಿಯಿಂದ ಡೇಟಾವನ್ನು ಎಳೆದುಕೊಳ್ಳುತ್ತದೆ. ಅಂದರೆ ಒಂದು ಸುತ್ತು ಜಾಸ್ತಿ ಓಡಾಟ. ರೀಡ್ ಆಗಲಿ ರೈಟ್ ಆಗಲಿ, ಡೇಟಾ ಯಾವಾಗ ಸಾಗಬೇಕು ಅಂತ ನಿರ್ಧರಿಸುವುದು ಟಾರ್ಗೆಟ್. ಈ ವಿಷಯ ಮುಂದೆ ನೆಟ್‌ವರ್ಕ್ ಭಾಗದಲ್ಲಿ ಬಹಳ ಮುಖ್ಯವಾಗುತ್ತದೆ.

ಸಮಯ ಎಲ್ಲಿ ಹೋಗುತ್ತದೆ

ಇಂದಿನ ಫ್ಲ್ಯಾಶ್ ಎಸ್‌ಎಸ್‌ಡಿಯಿಂದ 4 ಕಿಲೋಬೈಟ್ ಓದಲು ಸುಮಾರು 80ರಿಂದ 100 ಮೈಕ್ರೋಸೆಕೆಂಡ್ ಬೇಕು. ಫೈಬರ್‌ನಲ್ಲಿ ಬೆಳಕು ಒಂದು ಮೀಟರ್ ಸಾಗಲು ಸುಮಾರು 5 ನ್ಯಾನೋಸೆಕೆಂಡ್ ತೆಗೆದುಕೊಳ್ಳುತ್ತದೆ. 30 ಮೀಟರ್ ಕೇಬಲ್ ಅಂದರೆ 150 ನ್ಯಾನೋಸೆಕೆಂಡ್. ಒಳ್ಳೆಯ ಸ್ವಿಚ್ ದಾಟಲು, ಅದರಲ್ಲಿ ದಟ್ಟಣೆ ಇಲ್ಲದಿದ್ದರೆ, ಒಂದು ಮೈಕ್ರೋಸೆಕೆಂಡೂ ಬೇಡ. ಅಂದರೆ ಒಂದೇ ಕಟ್ಟಡದೊಳಗೆ ತಂತಿ ಸಮಸ್ಯೆಯೇ ಅಲ್ಲ.

ದೂರ ಹೆಚ್ಚಾದರೆ ಕಥೆ ಬೇರೆ. ವೈಟ್‌ಫೀಲ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿಗೆ ಎಳೆದ ಫೈಬರ್ 25 ಕಿಲೋಮೀಟರ್ ಇದೆ ಅಂತಿಟ್ಟುಕೊಂಡರೆ, ಹೋಗಿ ಬರಲು ಬೆಳಕಿಗೇ 250 ಮೈಕ್ರೋಸೆಕೆಂಡ್ ಬೇಕು. ನಮ್ಮ 10 ಮೈಕ್ರೋಸೆಕೆಂಡ್‌ನ 25 ಪಟ್ಟು. ಯಾವ ಸೆಟ್ಟಿಂಗೂ ಇದನ್ನು ಕಡಿಮೆ ಮಾಡಲಾರದು. ಎರಡು ಕ್ಯಾಂಪಸ್ ನಡುವೆ ಹೀಗೆ ಡಿಸ್ಕ್ ಹಂಚಿಕೊಳ್ಳೋಣ ಅಂತ ಯಾರಾದರೂ ಹೇಳಿದರೆ ಮೊದಲು ಈ ಲೆಕ್ಕ ತೋರಿಸಿ.

ಹಾಗಾದರೆ 10 ಮೈಕ್ರೋಸೆಕೆಂಡ್ ಮೀರುವುದು ಎಲ್ಲಿ? ಬಹುಪಾಲು ಸರ್ವರ್ ಒಳಗೇ. ಕೆಲಸ ಇಲ್ಲದಾಗ ಸಿಪಿಯು ವಿದ್ಯುತ್ ಉಳಿಸಲು ನಿದ್ದೆಗೆ ಜಾರುತ್ತದೆ. ಸಿ6 ಅನ್ನುವ ಆಳವಾದ ನಿದ್ದೆಯಿಂದ ಎದ್ದೇಳಲು ಇಂಟೆಲ್‌ನ ಸ್ಕೈಲೇಕ್ ಸರ್ವರ್ ಚಿಪ್‌ಗೆ ಎಷ್ಟು ಸಮಯ ಬೇಕು ಅಂತ ಲಿನಕ್ಸ್ ತನ್ನ ಪಟ್ಟಿಯಲ್ಲಿ ಬರೆದುಕೊಂಡಿದೆ: 133 ಮೈಕ್ರೋಸೆಕೆಂಡ್. ಎಸ್‌ಎಸ್‌ಡಿ ಓದುವುದಕ್ಕಿಂತ ಸಿಪಿಯು ಕಣ್ಣು ಬಿಡುವುದಕ್ಕೇ ಜಾಸ್ತಿ ಹೊತ್ತು! ಹಾರ್ಡ್ ಡಿಸ್ಕ್ ಕಾಲದಲ್ಲಿ ಒಂದು ರೀಡ್‌ಗೆ ಹಲವು ಮಿಲಿಸೆಕೆಂಡ್ ಹಿಡಿಯುತ್ತಿತ್ತು. ಆಗ ಈ 133 ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಈಗ ಅದೇ ದೊಡ್ಡ ವೆಚ್ಚ. ಆರ್‌ಡಿಎಂಎ ದಾರಿಯಲ್ಲಿನ ದೊಡ್ಡ ತಡಗಳನ್ನು ತೆಗೆದುಹಾಕಿದೆ. ಹಾಗಾಗಿ ಅವುಗಳ ಹಿಂದೆ ಅಡಗಿದ್ದ ಸಣ್ಣ ತಡಗಳೆಲ್ಲ ಒಂದೊಂದಾಗಿ ಎದುರಿಗೆ ಬರುತ್ತವೆ. ಟ್ಯೂನಿಂಗ್ ಅಂದರೆ ಅವುಗಳನ್ನು ಹುಡುಕುವ ಕೆಲಸ.

ಎಷ್ಟು ಕೆಲಸ ಒಟ್ಟಿಗೆ ಕೊಡಬೇಕು

1961ರಲ್ಲಿ ಜಾನ್ ಲಿಟಲ್ ಸಾಬೀತು ಮಾಡಿದ ಒಂದು ಸರಳ ನಿಯಮ ಇಲ್ಲಿ ದಿನವೂ ಬೇಕಾಗುತ್ತದೆ. ಒಂದು ವ್ಯವಸ್ಥೆಯೊಳಗೆ ಒಂದೇ ಹೊತ್ತಿಗೆ ಇರುವ ಕೆಲಸಗಳ ಸಂಖ್ಯೆ ಅಂದರೆ, ಸೆಕೆಂಡಿಗೆ ಬರುವ ಕೆಲಸಗಳನ್ನು ಒಂದೊಂದಕ್ಕೆ ಹಿಡಿಯುವ ಸಮಯದಿಂದ ಗುಣಿಸಿದಷ್ಟು.

ಒಂದು ರೀಡ್‌ಗೆ 100 ಮೈಕ್ರೋಸೆಕೆಂಡ್ ಹಿಡಿಯುತ್ತದೆ ಅನ್ನಿ. ಒಂದು ಮುಗಿದ ಮೇಲೆ ಇನ್ನೊಂದು ಕೇಳುವ ಪ್ರೋಗ್ರಾಮ್‌ಗೆ ಸೆಕೆಂಡಿಗೆ 10,000 ರೀಡ್ ಮಾತ್ರ ಸಿಗುತ್ತದೆ. ಅದಕ್ಕಿಂತ ಒಂದೂ ಜಾಸ್ತಿ ಸಿಗದು. 100 ಗಿಗಾಬಿಟ್ ಕಾರ್ಡ್ ಬದಲು 400 ಗಿಗಾಬಿಟ್ ಹಾಕಿದರೂ ಅಷ್ಟೇ. ಸೆಕೆಂಡಿಗೆ 10 ಲಕ್ಷ ರೀಡ್ ಬೇಕಿದ್ದರೆ ಯಾವಾಗಲೂ 100 ರೀಡ್‌ಗಳು ದಾರಿಯಲ್ಲಿರಬೇಕು. 100 ಗಿಗಾಬಿಟ್ ಅಂದರೆ ಸೆಕೆಂಡಿಗೆ 12.5 ಗಿಗಾಬೈಟ್. 4 ಕಿಲೋಬೈಟ್ ತುಂಡುಗಳಲ್ಲಿ ಅದನ್ನು ತುಂಬಬೇಕಾದರೆ ಸೆಕೆಂಡಿಗೆ ಸುಮಾರು 30 ಲಕ್ಷ ರೀಡ್, ಅಂದರೆ ಸದಾ 300 ರೀಡ್ ದಾರಿಯಲ್ಲಿ.

'ನೆಟ್‌ವರ್ಕ್ ಖಾಲಿ ಇದೆ, ಡಿಸ್ಕ್ ಖಾಲಿ ಇದೆ, ಆದರೂ ವೇಗ ಬರ್ತಿಲ್ಲ' ಅನ್ನುವ ದೂರುಗಳಲ್ಲಿ ಬಹಳಷ್ಟಕ್ಕೆ ಉತ್ತರ ಇದೇ. ಪ್ರೋಗ್ರಾಮ್ ಸಾಕಷ್ಟು ಕೆಲಸ ಒಟ್ಟಿಗೆ ಕೊಡುತ್ತಿಲ್ಲ. ಅಂಥ ಕಡೆ ಕರ್ನಲ್ ಸೆಟ್ಟಿಂಗ್ ತಿರುಗಿಸುತ್ತಾ ಕೂತರೆ ಪ್ರಯೋಜನ ಇಲ್ಲ. ಒಂದೋ ಒಂದೊಂದು ರೀಡ್‌ನ ಸಮಯ ಇಳಿಸಬೇಕು, ಇಲ್ಲವೇ ಪ್ರೋಗ್ರಾಮ್ ಬದಲಾಯಿಸಬೇಕು.

ಇದರ ಇನ್ನೊಂದು ಮುಖವೂ ಇದೆ. ಡಿಸ್ಕ್ ತುಂಬಿದ ಮೇಲೂ ಕೆಲಸ ಹೇರುತ್ತಾ ಹೋದರೆ ವೇಗ ಏರುವುದಿಲ್ಲ, ಕಾಯುವ ಸಮಯ ಮಾತ್ರ ಏರುತ್ತದೆ. ಲಿನಕ್ಸ್‌ನಲ್ಲಿ ದೂರದ ಡಿಸ್ಕ್‌ಗೆ ಸಂಪರ್ಕ ಕೊಡುವ ಎನ್‌ವಿಎಂಇ ಕನೆಕ್ಟ್ ಕಮಾಂಡ್ ಕೊಟ್ಟಾಗ ಒಂದೊಂದು ಕ್ಯೂಗೂ ತಾನಾಗಿ 128ರ ಆಳ ಸಿಗುತ್ತದೆ. ಬಹುತೇಕರಿಗೆ ಅದು ಸಾಕು. ಆಳ ಹೆಚ್ಚಿಸಿ ಲಾಭ ಪಡೆದವರಿಗಿಂತ ಅದರಿಂದ ತೊಂದರೆ ತಂದುಕೊಂಡವರನ್ನೇ ನಾನು ಜಾಸ್ತಿ ನೋಡಿದ್ದೇನೆ.

ಪದರ ಪದರವಾಗಿ ಅಳೆಯುವುದು

ಇಡೀ ವ್ಯವಸ್ಥೆಯನ್ನು ಒಮ್ಮೆಲೇ ಅಳೆದರೆ ಒಂದು ಅಂಕಿ ಸಿಗುತ್ತದೆ. ಅದು ಕೆಟ್ಟದಾಗಿದ್ದರೆ ಯಾಕೆ ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಕೆಳಗಿನಿಂದ ಶುರು ಮಾಡಬೇಕು.

ಮೊದಲು ಬರೀ ನೆಟ್‌ವರ್ಕ್. ಪರ್ಫ್‌ಟೆಸ್ಟ್ ಅನ್ನುವ ಉಪಕರಣಗಳ ಗುಂಪಿದೆ. ಒಂದು ಕಾರ್ಡ್‌ನಿಂದ ಇನ್ನೊಂದಕ್ಕೆ ಆರ್‌ಡಿಎಂಎ ರೀಡ್, ರೈಟ್ ಎಷ್ಟು ವೇಗ, ಎಷ್ಟು ತಡ ಅಂತ ಅದು ತೋರಿಸುತ್ತದೆ. ಡಿಸ್ಕ್ ಇಲ್ಲ, ಸ್ಟೋರೇಜ್ ತಂತ್ರಾಂಶ ಇಲ್ಲ. ಇಲ್ಲೇ ಅಂಕಿ ಕೆಟ್ಟದಾಗಿದ್ದರೆ ಮೇಲಿನ ಪದರ ನೋಡುವುದೇ ಬೇಡ.

ಎರಡನೆಯದು ನನಗೆ ಬಹಳ ಇಷ್ಟವಾದ ಉಪಾಯ. ಲಿನಕ್ಸ್‌ನಲ್ಲಿ ನಲ್ ಬ್ಲಾಕ್ ಅನ್ನುವ ಡಿಸ್ಕ್ ಇದೆ. ಹೆಸರಿಗೆ ಡಿಸ್ಕ್, ಒಳಗೆ ಏನೂ ಇಲ್ಲ. ಓದು ಅಂದರೆ ತಕ್ಷಣ 'ಆಯಿತು' ಅನ್ನುತ್ತದೆ, ಬರೆ ಅಂದರೂ ಹಾಗೇ. ಟಾರ್ಗೆಟ್‌ನಲ್ಲಿ ನಿಜವಾದ ಎಸ್‌ಎಸ್‌ಡಿ ಬದಲು ಇದನ್ನು ಕೂರಿಸಿ, ಹೋಸ್ಟ್‌ನಿಂದ ಅಳೆಯಿರಿ. ಬರುವ ಅಂಕಿ ಪೂರ್ತಿಯಾಗಿ ನೆಟ್‌ವರ್ಕ್ ಮತ್ತು ತಂತ್ರಾಂಶದ್ದು. ಆಮೇಲೆ ಟಾರ್ಗೆಟ್ ಒಳಗೇ ಕೂತು ನಿಜವಾದ ಎಸ್‌ಎಸ್‌ಡಿಯನ್ನು ಅಳೆಯಿರಿ. ಕೊನೆಗೆ ಎರಡನ್ನೂ ಸೇರಿಸಿ ಹೋಸ್ಟ್‌ನಿಂದ ಎಸ್‌ಎಸ್‌ಡಿವರೆಗೆ ಅಳೆಯಿರಿ. ನಲ್ ಬ್ಲಾಕ್ ಅಳತೆ ಮತ್ತು ಎಸ್‌ಎಸ್‌ಡಿ ಅಳತೆಗಳ ಮೊತ್ತಕ್ಕಿಂತ ಈ ಕೊನೆಯದು ಬಹಳ ಜಾಸ್ತಿ ಬಂದರೆ, ಎರಡೂ ಸೇರುವ ಜಾಗದಲ್ಲಿ ಏನೋ ಕಿತ್ತಾಟ ಇದೆ ಅಂತ ಅರ್ಥ. ಎಸ್‌ಎಸ್‌ಡಿ ಮತ್ತು ಕಾರ್ಡ್ ಬೇರೆ ಬೇರೆ ಸಿಪಿಯು ಸಾಕೆಟ್‌ಗೆ ಅಂಟಿಕೊಂಡಿರುವುದು ಅದಕ್ಕೆ ಸಾಮಾನ್ಯ ಕಾರಣ.

ಅಳತೆಗೆ ಎಲ್ಲರೂ ಬಳಸುವುದು ಜೆನ್ಸ್ ಆಕ್ಸ್‌ಬೋ ಬರೆದ ಫಿಯೋ. ಅದರಲ್ಲಿ ಡೈರೆಕ್ಟ್ ಆಯ್ಕೆ ಹಾಕಲೇಬೇಕು, ಇಲ್ಲದಿದ್ದರೆ ನೀವು ಅಳೆಯುವುದು ಡಿಸ್ಕ್ ಅಲ್ಲ, ಸರ್ವರ್‌ನ ಮೆಮೊರಿ. ಹೊಸ ಎಸ್‌ಎಸ್‌ಡಿ ಆಗಿದ್ದರೆ ಮೊದಲು ಪೂರ್ತಿ ತುಂಬಿಸಿ, ಸಾಲದಿದ್ದರೆ ಎರಡು ಸಲ ತುಂಬಿಸಿ, ಆಮೇಲೆ ಅಲ್ಲಲ್ಲಿ ಬರೆದು ಹಳೆಯದಾಗಿಸಿ. ಖಾಲಿ ಎಸ್‌ಎಸ್‌ಡಿ ತೋರಿಸುವ ರೈಟ್ ವೇಗ ಒಂದು ತಿಂಗಳ ಬಳಕೆಯ ನಂತರ ಇರುವುದಿಲ್ಲ.

ಸರಾಸರಿ ನೋಡಬೇಡಿ. ನೂರಕ್ಕೆ ತೊಂಬತ್ತೊಂಬತ್ತು ರೀಡ್‌ಗಳು ಯಾವ ಸಮಯದೊಳಗೆ ಮುಗಿದವು ಅನ್ನುವುದನ್ನು ನೋಡಿ. ಪಿ99 ಅನ್ನುವುದು ಇದನ್ನೇ. ಒಂದು ವೆಬ್ ಪುಟ ತೋರಿಸಲು ಹಿಂದೆ 100 ರೀಡ್ ಬೇಕು ಅನ್ನಿ. ಒಂದೊಂದು ರೀಡ್‌ಗೂ ತಡವಾಗುವ ಸಾಧ್ಯತೆ ಶೇಕಡಾ 1 ಮಾತ್ರ ಇದ್ದರೂ, ಆ ಪುಟದಲ್ಲಿ ಒಂದಾದರೂ ತಡವಾಗುವ ಸಾಧ್ಯತೆ ಶೇಕಡಾ 63. ಬಳಕೆದಾರರಿಗೆ ಸಿಗುವುದು ಸರಾಸರಿ ಅಲ್ಲ, ಆ ಒಂದು ನಿಧಾನದ ರೀಡ್.

ಸರ್ವರ್ ಒಳಗೆ

ಕಾರ್ಡ್ ಕೂತಿರುವ ಸ್ಲಾಟ್ ಅನ್ನು ಮೊದಲು ನೋಡಿ. ಮೂರನೇ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್‌ನ 16 ಲೇನ್ ಸ್ಲಾಟ್ ಸುಮಾರು 126 ಗಿಗಾಬಿಟ್ ಸಾಗಿಸುತ್ತದೆ. 8 ಲೇನ್ ಆದರೆ ಸುಮಾರು 63. ಎರಡೂ ಹೊರಗಿನಿಂದ ಒಂದೇ ಥರ ಕಾಣಬಹುದು. ಯಾಕೆಂದರೆ ಉದ್ದದ ಸ್ಲಾಟ್‌ಗೆ ಒಳಗೆ 8 ಲೇನ್ ಮಾತ್ರ ಎಳೆದಿರುವ ಬೋರ್ಡ್‌ಗಳಿವೆ. ಎಲ್‌ಎಸ್‌ಪಿಸಿಐ ಕಮಾಂಡ್‌ನಲ್ಲಿ ಲಿಂಕ್ ಸ್ಟೇಟಸ್ ನೋಡಿದರೆ ನಿಜ ತಿಳಿಯುತ್ತದೆ. ಒಂದು ನಿಮಿಷದ ಕೆಲಸ.

ಆಮೇಲೆ ನ್ಯೂಮಾ, ಅಂದರೆ ಯಾವ ಸಿಪಿಯುಗೆ ಯಾವ ಮೆಮೊರಿ, ಯಾವ ಕಾರ್ಡ್ ಹತ್ತಿರ ಅನ್ನುವುದು. ಎರಡು ಸಾಕೆಟ್‌ನ ಸರ್ವರ್‌ನಲ್ಲಿ ಕಾರ್ಡ್ ಒಂದು ಸಾಕೆಟ್‌ಗೆ ಮಾತ್ರ ಅಂಟಿರುತ್ತದೆ. ಪ್ರೋಗ್ರಾಮ್ ಇನ್ನೊಂದು ಸಾಕೆಟ್‌ನಲ್ಲಿ ಓಡುತ್ತಿದ್ದರೆ ಪ್ರತಿ ಡೇಟಾ ತುಂಡೂ ಎರಡು ಸಾಕೆಟ್‌ಗಳ ನಡುವಿನ ಕೊಂಡಿ ದಾಟಬೇಕು. ಕಾರ್ಡ್ ಯಾವ ಸಾಕೆಟ್‌ನದು ಅಂತ ಲಿನಕ್ಸ್‌ನ ಸಿಸ್ಎಫ್‌ಎಸ್‌ನಲ್ಲಿ ನ್ಯೂಮಾ ನೋಡ್ ಅನ್ನುವ ಫೈಲ್ ಹೇಳುತ್ತದೆ. ಟಾರ್ಗೆಟ್‌ನಲ್ಲಿ ಕಾರ್ಡ್, ಎಸ್‌ಎಸ್‌ಡಿ, ಇಂಟರಪ್ಟ್ ಈ ಮೂರೂ ಒಂದೇ ಸಾಕೆಟ್‌ನಲ್ಲಿ ಇರುವಂತೆ ಮಾಡಿ. ಎಲ್ಲ ಎಸ್‌ಎಸ್‌ಡಿಗಳನ್ನೂ ಒಂದೇ ಕಡೆ ಹಾಕಲಾಗದಿದ್ದರೆ ಒಂದೊಂದು ಸಾಕೆಟ್‌ಗೂ ಒಂದೊಂದು ಕಾರ್ಡ್ ಹಾಕುವುದು ಸರಿಯಾದ ದಾರಿ. ಖರ್ಚು ಜಾಸ್ತಿ, ನಿಜ. ಆದರೆ ಸೆಟ್ಟಿಂಗ್‌ನಿಂದ ಬಗೆಹರಿಯದ ತೊಂದರೆ ಇದು.

ಸಿಪಿಯು ನಿದ್ದೆಗೆ ಟ್ಯೂನ್ಡ್ ಅನ್ನುವ ಸೇವೆಯ ಲೇಟೆನ್ಸಿ (ತಡ) ಇಳಿಸುವ ಪ್ರೊಫೈಲ್ ಹಾಕಿದರೆ ಸಾಕು. ಆಳವಾದ ನಿದ್ದೆ ನಿಲ್ಲುತ್ತದೆ, ಗಡಿಯಾರದ ವೇಗವೂ ಇಳಿಯುವುದಿಲ್ಲ. ವಿದ್ಯುತ್ ಬಿಲ್ ಏರುತ್ತದೆ, ಅದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. ವರ್ಚುವಲ್ ಯಂತ್ರಗಳಿಲ್ಲದ ಸರ್ವರ್‌ನಲ್ಲಿ ಐಒಎಂಎಂಯು ಅನ್ನು ಪಾಸ್‌ಥ್ರೂ ಸ್ಥಿತಿಗೆ ಹಾಕಿದರೆ ಪ್ರತಿ ವರ್ಗಾವಣೆಯಲ್ಲೂ ಆಗುವ ವಿಳಾಸ ಅನುವಾದದ ಖರ್ಚು ಕಡಿಮೆಯಾಗುತ್ತದೆ. ಡಿಸ್ಕ್ ಕೆಲಸಗಳ ಕ್ರಮ ನಿರ್ಧರಿಸುವ ಐಒ ಶೆಡ್ಯೂಲರ್ 'ನನ್' (ಅಂದರೆ ಯಾವುದೂ ಬೇಡ) ಇರಲಿ. ಎನ್‌ವಿಎಂಇಗೆ ಸಾಮಾನ್ಯವಾಗಿ ಅದೇ ಇರುತ್ತದೆ, ಆದರೂ ಒಮ್ಮೆ ನೋಡಿ.

ನೆಟ್‌ವರ್ಕ್: ಹೆಚ್ಚು ಜನ ಸೋಲುವ ಜಾಗ

ಆರ್‌ಡಿಎಂಎ ಹುಟ್ಟಿ ಬೆಳೆದದ್ದು ಇನ್ಫಿನಿಬ್ಯಾಂಡ್ ಮೇಲೆ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗ ಸೂಪರ್ ಕಂಪ್ಯೂಟರ್‌ನಂಥ ಕಡೆ ಬಳಸುವುದು ಅದನ್ನೇ. ಇನ್ಫಿನಿಬ್ಯಾಂಡ್‌ನಲ್ಲಿ ಎದುರಿನವರ ಬಳಿ ಜಾಗ ಇದೆ ಅಂತ ಗೊತ್ತಾದ ಮೇಲೆಯೇ ಪ್ಯಾಕೆಟ್ ಹೊರಡುತ್ತದೆ. ಹಾಗಾಗಿ ಜಾಗ ಸಾಲದೆ ಪ್ಯಾಕೆಟ್ ಬಿದ್ದುಹೋಗುವುದಿಲ್ಲ. ಕಂಪನಿಗಳಲ್ಲಿ ಹೆಚ್ಚಾಗಿ ಇರುವುದು ಈಥರ್‌ನೆಟ್. ಅದರ ಮೇಲೆ ಆರ್‌ಡಿಎಂಎ ಓಡಿಸುವ ಪದ್ಧತಿಗೆ ರಾಕಿ ಅನ್ನುತ್ತಾರೆ. ಮೊದಲ ಆವೃತ್ತಿ 2010ರದು. ಯುಡಿಪಿ ಮೇಲೆ, 4791ನೇ ಪೋರ್ಟ್‌ನಲ್ಲಿ ಓಡುವ ಎರಡನೆಯದು 2014ರದು.

ಈಥರ್‌ನೆಟ್‌ನಲ್ಲಿ ಬಫರ್ ತುಂಬಿದರೆ ಸ್ವಿಚ್ ಪ್ಯಾಕೆಟ್ ಎಸೆದುಬಿಡುತ್ತದೆ. ಟಿಸಿಪಿಗೆ ಇದು ಅಭ್ಯಾಸ. ಆದರೆ ರಾಕಿ ಕಾರ್ಡ್‌ಗಳು, ಅದರಲ್ಲೂ ಹಳೆಯವು, ಒಂದು ಪ್ಯಾಕೆಟ್ ಕಳೆದರೆ ಅಲ್ಲಿಂದ ಮುಂದಿನ ಎಲ್ಲವನ್ನೂ ಮತ್ತೆ ಕಳಿಸುತ್ತವೆ. ಕೆಲವೇ ಪ್ಯಾಕೆಟ್ ಕಳೆದರೂ ವೇಗ ಕುಸಿಯುತ್ತದೆ. ಇದನ್ನು ತಡೆಯಲು ಎರಡು ವಿಧಾನಗಳಿವೆ, ಎರಡೂ ಬೇಕು.

ಒಂದು ಪಿಎಫ್‌ಸಿ. ಬಫರ್ ತುಂಬುತ್ತಾ ಬಂದಾಗ ಸ್ವಿಚ್ ಹಿಂದಿನವರಿಗೆ 'ಈ ಆದ್ಯತೆಯ ಪ್ಯಾಕೆಟ್ ನಿಲ್ಲಿಸು' ಅನ್ನುತ್ತದೆ. ಪ್ಯಾಕೆಟ್ ಬೀಳುವುದಿಲ್ಲ. ಆದರೆ ಈ ನಿಲ್ಲಿಸುವಿಕೆ ಯಾರಿಗೆ ಹೋಗುವ ಪ್ಯಾಕೆಟ್ ಅಂತ ನೋಡುವುದಿಲ್ಲ. ಬೆಳಗ್ಗೆ ಹೆಬ್ಬಾಳದ ಮೇಲ್ಸೇತುವೆಯನ್ನು ನೆನಪಿಸಿಕೊಳ್ಳಿ. ಇಳಿಯುವ ಒಂದು ದಾರಿಯಲ್ಲಿ ವಾಹನ ನಿಂತರೆ, ಆ ಕಡೆ ಹೋಗಬೇಕಿಲ್ಲದ, ಸೀದಾ ವಿಮಾನ ನಿಲ್ದಾಣಕ್ಕೆ ಹೋಗುವವರೂ ಹಿಂದೆ ಸಿಕ್ಕಿಬೀಳುತ್ತಾರೆ. ಪಿಎಫ್‌ಸಿಯಲ್ಲೂ ಹಾಗೇ. ಟಾರ್ಗೆಟ್‌ನ ಪೋರ್ಟ್ 100 ಗಿಗಾಬಿಟ್, ಒಂದು ಹೋಸ್ಟ್‌ನ ಪೋರ್ಟ್ 25. ಆ ಹೋಸ್ಟ್ ದೊಡ್ಡ ರೀಡ್‌ಗಳನ್ನು ಕೇಳುತ್ತದೆ, ಟಾರ್ಗೆಟ್ ನಾಲ್ಕು ಪಟ್ಟು ವೇಗದಲ್ಲಿ ತಳ್ಳುತ್ತದೆ, ಸ್ವಿಚ್ ತುಂಬುತ್ತದೆ. ಸ್ವಿಚ್ ಟಾರ್ಗೆಟ್‌ಗೆ ನಿಲ್ಲು ಅನ್ನುತ್ತದೆ. ಆಗ ಟಾರ್ಗೆಟ್‌ನಿಂದ ಬೇರೆ ಹೋಸ್ಟ್‌ಗಳಿಗೆ ಹೋಗಬೇಕಿದ್ದ ಡೇಟಾವೂ ನಿಲ್ಲುತ್ತದೆ.

ಮೇಲೆ ಹೇಳಿದ 8 ಲೇನ್ ಸ್ಲಾಟ್‌ಗೂ ಇದಕ್ಕೂ ನೇರ ಸಂಬಂಧ ಇದೆ. 100 ಗಿಗಾಬಿಟ್ ಕಾರ್ಡ್ 63 ಗಿಗಾಬಿಟ್ ಸ್ಲಾಟ್‌ನಲ್ಲಿ ಕೂತಿದ್ದರೆ, ತಂತಿಯಿಂದ ಬರುವುದನ್ನು ಅದು ಮೆಮೊರಿಗೆ ಅಷ್ಟು ಬೇಗ ತಲುಪಿಸಲಾರದು. ಕಾರ್ಡ್ ಸ್ವಿಚ್‌ಗೆ ನಿಲ್ಲು ಅನ್ನುತ್ತದೆ, ಸ್ವಿಚ್ ಟಾರ್ಗೆಟ್‌ಗೆ ನಿಲ್ಲು ಅನ್ನುತ್ತದೆ. ಒಂದು ಸರ್ವರ್‌ನಲ್ಲಿ ಕಾರ್ಡ್ ತಪ್ಪು ಸ್ಲಾಟ್‌ಗೆ ಬಿದ್ದದ್ದರಿಂದ ಬೇರೆ ರ‍್ಯಾಕ್‌ನ ಡೇಟಾಬೇಸ್ ನಿಧಾನವಾಗುತ್ತದೆ. ಆ ಡೇಟಾಬೇಸ್‌ನ ತಂಡ ಎಷ್ಟು ಹುಡುಕಿದರೂ ತಮ್ಮ ಕಡೆ ತಪ್ಪು ಸಿಗುವುದಿಲ್ಲ.

ಹಾಗಾಗಿ ಎರಡನೆಯ ವಿಧಾನವೇ ಮುಖ್ಯ: ಇಸಿಎನ್. ಬಫರ್ ತುಂಬುವ ಬಹಳ ಮೊದಲೇ ಸ್ವಿಚ್ ಪ್ಯಾಕೆಟ್ ಮೇಲೆ ಒಂದು ಗುರುತು ಹಾಕುತ್ತದೆ. ಅದನ್ನು ನೋಡಿದ ಹೋಸ್ಟ್ ಕಳಿಸಿದವರಿಗೆ ಸಿಎನ್‌ಪಿ ಅನ್ನುವ ಚಿಕ್ಕ ಸೂಚನೆ ಕಳಿಸುತ್ತದೆ. ಆ ಒಂದು ಸಂಪರ್ಕದ ವೇಗ ಮಾತ್ರ ಇಳಿಯುತ್ತದೆ, ಉಳಿದವು ಹಾಗೇ ಓಡುತ್ತವೆ. ಮೈಕ್ರೋಸಾಫ್ಟ್ ಮತ್ತು ಮೆಲನಾಕ್ಸ್‌ನ ಎಂಜಿನಿಯರುಗಳು 2015ರಲ್ಲಿ ಪ್ರಕಟಿಸಿದ ಡಿಸಿಕ್ಯೂಸಿಎನ್ ಪದ್ಧತಿ ಇದೇ. ಸ್ವಿಚ್‌ನಲ್ಲಿ ಇಸಿಎನ್ ಗುರುತು ಹಾಕುವ ಮಟ್ಟ, ಪಿಎಫ್‌ಸಿ ಶುರುವಾಗುವ ಮಟ್ಟಕ್ಕಿಂತ ಕೆಳಗೆ ಇರಲೇಬೇಕು. ಸರಿಯಾಗಿ ಹೊಂದಿಸಿದ ನೆಟ್‌ವರ್ಕ್‌ನಲ್ಲಿ ದಟ್ಟಣೆಯಾದಾಗ ಸಿಎನ್‌ಪಿ ಎಣಿಕೆ ಏರುತ್ತದೆ, ಪಾಜ್ (ಪಿಎಫ್‌ಸಿಯ 'ನಿಲ್ಲಿಸು' ಸೂಚನೆ) ಎಣಿಕೆ ಹೆಚ್ಚುಕಡಿಮೆ ಹಾಗೇ ನಿಂತಿರುತ್ತದೆ. ಪಾಜ್ ಎಣಿಕೆ ಸದಾ ಏರುತ್ತಿದ್ದರೆ ಇಸಿಎನ್ ಕೆಲಸ ಮಾಡುತ್ತಿಲ್ಲ ಅಂತ ತಿಳಿಯಿರಿ. ಈಥ್‌ಟೂಲ್ ಕಮಾಂಡ್‌ನ ಅಂಕಿಗಳಲ್ಲಿ ಆದ್ಯತೆವಾರು ಪಾಜ್ ಎಣಿಕೆ ಸಿಗುತ್ತದೆ. ಕಾರ್ಡ್‌ನ ಹಾರ್ಡ್‌ವೇರ್ ಕೌಂಟರ್‌ಗಳಲ್ಲಿ ಸಿಎನ್‌ಪಿ ಮತ್ತು ಕ್ರಮ ತಪ್ಪಿ ಬಂದ ಪ್ಯಾಕೆಟ್‌ಗಳ ಎಣಿಕೆ ಸಿಗುತ್ತದೆ.

ಇಷ್ಟೆಲ್ಲ ಹೊಂದಿಸಿಯೂ ಪ್ಯಾಕೆಟ್ ಬೀಳುತ್ತಿದ್ದರೆ, ಪ್ಯಾಕೆಟ್‌ನ ಆದ್ಯತೆ ಹೇಳುವ ಡಿಎಸ್‌ಸಿಪಿ ಗುರುತು ನೋಡಿ. ರಾಕಿ ಡೇಟಾಗೆ ಸಾಮಾನ್ಯವಾಗಿ ಡಿಎಸ್‌ಸಿಪಿ 26 ಕೊಡುತ್ತಾರೆ, ಅದು 3ನೇ ಆದ್ಯತೆಗೆ ಹೋಗುತ್ತದೆ. ಆದರೆ ಎನ್‌ವಿಎಂಇ ಕನೆಕ್ಟ್ ಕೇಳುವುದು ಡಿಎಸ್‌ಸಿಪಿ ಅಲ್ಲ, ಟಿಒಎಸ್. ಟಿಒಎಸ್‌ನ 8 ಬಿಟ್‌ಗಳಲ್ಲಿ ಮೇಲಿನ 6 ಡಿಎಸ್‌ಸಿಪಿಯದು, ಕೆಳಗಿನ 2 ಇಸಿಎನ್‌ದು. ಅಂದರೆ 26 ಅನ್ನು 4ರಿಂದ ಗುಣಿಸಿ 104 ಕೊಡಬೇಕು. ಹಾಗೇ 26 ಕೊಟ್ಟರೆ ಡಿಎಸ್‌ಸಿಪಿ 6 ಆಗುತ್ತದೆ, ಪ್ಯಾಕೆಟ್ 0ನೇ ಆದ್ಯತೆಗೆ ಹೋಗುತ್ತದೆ. ಅಲ್ಲಿ ಯಾವ ರಕ್ಷಣೆಯೂ ಇಲ್ಲ. ಎಲ್ಲ ಕಮಾಂಡ್‌ಗಳೂ ತಪ್ಪಿಲ್ಲದೆ ಓಡಿರುತ್ತವೆ, ಡಿಸ್ಕ್ ಕೂಡ ಕಾಣುತ್ತಿರುತ್ತದೆ. ದಟ್ಟಣೆ ಆದ ದಿನ ಮಾತ್ರ ತೊಂದರೆ ಗೊತ್ತಾಗುತ್ತದೆ. ದಾರಿಯ ಎಲ್ಲ ಸ್ವಿಚ್‌ಗಳೂ ಡಿಎಸ್‌ಸಿಪಿಯನ್ನು ನಂಬುವಂತೆ ಹೊಂದಿಸಿರಬೇಕು, ಒಂದು ಬಿಟ್ಟರೂ ಸರಪಳಿ ಹರಿಯುತ್ತದೆ.

ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರದ ವಿಷಯ ಚಿಕ್ಕದು. ಆರ್‌ಡಿಎಂಎ ಪ್ಯಾಕೆಟ್ ಗಾತ್ರ 256, 512, 1024, 2048, 4096 ಇಷ್ಟರಲ್ಲೇ ಒಂದಾಗಬೇಕು. ಈಥರ್‌ನೆಟ್ ಎಂಟಿಯು 1500 ಇದ್ದರೆ 1024 ಮಾತ್ರ ಹಿಡಿಸುತ್ತದೆ. 4 ಕಿಲೋಬೈಟ್‌ನ ಒಂದು ಬ್ಲಾಕ್ ನಾಲ್ಕು ಪ್ಯಾಕೆಟ್ ಆಗುತ್ತದೆ. 9000 ಮಾಡಿದರೆ ಒಂದೇ ಪ್ಯಾಕೆಟ್‌ನಲ್ಲಿ ಹೋಗುತ್ತದೆ. ಎರಡೂ ತುದಿಗಳಲ್ಲಿ ಮತ್ತು ಸ್ವಿಚ್‌ಗಳಲ್ಲಿ ಬದಲಾಯಿಸಿ.

ಎನ್‌ವಿಎಂಇ ಕಡೆಯ ಸೆಟ್ಟಿಂಗ್‌ಗಳು

ರೈಟ್‌ಗೆ ಒಂದು ಸುತ್ತು ಜಾಸ್ತಿ ಓಡಾಟ ಅಂತ ಹೇಳಿದ್ದೆ. ಚಿಕ್ಕ ರೈಟ್‌ಗಳಲ್ಲಿ ಅದನ್ನು ತಪ್ಪಿಸಬಹುದು. ಕಮಾಂಡ್ ಜೊತೆಗೇ ಡೇಟಾವನ್ನೂ ಕಳಿಸಿಬಿಡುವುದಕ್ಕೆ ಇನ್‌ಲೈನ್ ಡೇಟಾ ಅನ್ನುತ್ತಾರೆ. ಲಿನಕ್ಸ್ ಟಾರ್ಗೆಟ್‌ನಲ್ಲಿ ಇದರ ಮಿತಿ ಮಾಮೂಲಿ ಇಂಟೆಲ್, ಎಎಂಡಿ ಸರ್ವರ್‌ಗಳಲ್ಲಿ 4 ಕಿಲೋಬೈಟ್. 16ರವರೆಗೆ ಏರಿಸಬಹುದು. ನಿಮ್ಮ ಡೇಟಾಬೇಸ್ 8 ಅಥವಾ 16 ಕಿಲೋಬೈಟ್ ಪುಟಗಳನ್ನು ಬರೆಯುತ್ತಿದ್ದರೆ ಇದು ಒಳ್ಳೆಯ ಲಾಭ.

ಆದರೆ ಬೆಲೆ ಮೆಮೊರಿಯಲ್ಲಿ ಕಟ್ಟಬೇಕು. ಒಂದು ಕ್ಯೂನಲ್ಲಿ 128 ಕಮಾಂಡ್, ಒಂದೊಂದಕ್ಕೂ 16 ಕಿಲೋಬೈಟ್ ಅಂದರೆ ಕ್ಯೂಗೆ ಸುಮಾರು 2 ಮೆಗಾಬೈಟ್. ಹೋಸ್ಟ್ ತನ್ನ ಪ್ರತಿ ಸಿಪಿಯುಗೂ ಒಂದು ಕ್ಯೂ ಮಾಡಿಕೊಳ್ಳುತ್ತದೆ. 64 ಸಿಪಿಯು ಇದ್ದರೆ 128 ಮೆಗಾಬೈಟ್. ಅಂಥ 50 ಹೋಸ್ಟ್ ಬಂದರೆ ಟಾರ್ಗೆಟ್‌ನಲ್ಲಿ 6 ಗಿಗಾಬೈಟ್‌ಗಿಂತ ಜಾಸ್ತಿ, ಸುಮ್ನೆ ಕಾಯುತ್ತಾ ಕೂತಿರುತ್ತದೆ.

ಮೆಮೊರಿಗಿಂತ ದೊಡ್ಡ ಚಿಂತೆ ಇನ್ನೊಂದಿದೆ. 50 ಹೋಸ್ಟ್, 64 ಕ್ಯೂ ಅಂದರೆ ಟಾರ್ಗೆಟ್‌ನ ಕಾರ್ಡ್‌ನಲ್ಲಿ 3,200 ಸಂಪರ್ಕಗಳು. ಪ್ರತಿಯೊಂದರ ಸ್ಥಿತಿಯನ್ನೂ ಕಾರ್ಡ್ ತನ್ನ ಚಿಕ್ಕ ಕ್ಯಾಶ್‌ನಲ್ಲಿ ಇಟ್ಟುಕೊಳ್ಳಲು ನೋಡುತ್ತದೆ. ಜಾಗ ಸಾಲದಿದ್ದರೆ ಪ್ರತಿ ಸಲ ಸರ್ವರ್‌ನ ಮೆಮೊರಿಗೆ ಹೋಗಿ ತರಬೇಕು. ಹೋಸ್ಟ್‌ಗಳು ಹೆಚ್ಚಾದಂತೆ ವೇಗ ಇಳಿಯುತ್ತಾ ಹೋದರೆ ಮೊದಲ ಅನುಮಾನ ಇಲ್ಲೇ ಇರಲಿ. ಕನೆಕ್ಟ್ ಮಾಡುವಾಗ ಐಒ ಕ್ಯೂಗಳ ಸಂಖ್ಯೆಯನ್ನು 8 ಅಥವಾ 16ಕ್ಕೆ ಇಳಿಸಿ ನೋಡಿ. ಬಹಳ ಕಡೆ ವೇಗ ಕಡಿಮೆಯಾಗುವ ಬದಲು ಏರುತ್ತದೆ.

ಇನ್ನು ಎಚ್ಚರಿಕೆಯ ಒಂದು ಮಾತು. ಪ್ರತಿ ರೀಡ್‌ಗೂ ಹೋಸ್ಟ್ ತನ್ನ ಮೆಮೊರಿಯ ಒಂದು ತುಂಡನ್ನು ನೋಂದಾಯಿಸಿ, ಅದರ ಕೀ ಕೊಟ್ಟು, ಕೆಲಸ ಮುಗಿದ ಮೇಲೆ ಕೀ ರದ್ದು ಮಾಡುತ್ತದೆ. ಇದಕ್ಕೆ ಸ್ವಲ್ಪ ಸಮಯ ಹೋಗುತ್ತದೆ. ರಿಜಿಸ್ಟರ್ ಆಲ್ವೇಸ್ ಅನ್ನುವ ಆಯ್ಕೆಯನ್ನು ಆಫ್ ಮಾಡಿದರೆ ಈ ಖರ್ಚಿನ ಒಂದು ಭಾಗ ಉಳಿಯುತ್ತದೆ. ಆದರೆ ಆಗ ಹೋಸ್ಟ್‌ನ ಇಡೀ ಮೆಮೊರಿಗೆ ಅನ್ವಯಿಸುವ ಕೀ ಟಾರ್ಗೆಟ್‌ನ ಕೈಗೆ ಹೋಗುತ್ತದೆ. ಟಾರ್ಗೆಟ್‌ನಲ್ಲಿ ಒಂದು ಬಗ್ ಇದ್ದರೆ ಹೋಸ್ಟ್‌ನ ಮೆಮೊರಿಯಲ್ಲಿ ಎಲ್ಲಿ ಬೇಕಾದರೂ ಬರೆದುಬಿಡಬಹುದು. ಕೆಲವು ಮೈಕ್ರೋಸೆಕೆಂಡ್‌ಗಾಗಿ ಈ ಬಾಗಿಲು ತೆರೆಯಬೇಡಿ.

ಇಂಟರಪ್ಟ್ ಬದಲು ಪೋಲಿಂಗ್ ಬಳಸುವುದು ಲೇಟೆನ್ಸಿ ಇಳಿಸುವ ಇನ್ನೊಂದು ದಾರಿ. ಸಿಪಿಯು ಕಾಯುತ್ತಾ ಮಲಗುವ ಬದಲು ಉತ್ತರ ಬಂತಾ ಅಂತ ನೋಡುತ್ತಲೇ ಇರುತ್ತದೆ. ಕನೆಕ್ಟ್‌ನಲ್ಲಿ ಪೋಲ್ ಕ್ಯೂ ಕೇಳಿ, ಪ್ರೋಗ್ರಾಮ್‌ನಲ್ಲಿ ಲಿನಕ್ಸ್‌ನ ಐಒ ಯೂರಿಂಗ್ ಸೌಲಭ್ಯ ಬಳಸಿದರೆ ಇದು ಸಿಗುತ್ತದೆ. ಇಡೀ ಟಾರ್ಗೆಟ್ ಅನ್ನೇ ಪೋಲಿಂಗ್ ಮೇಲೆ ಕಟ್ಟಬೇಕೆಂದರೆ ಎಸ್‌ಪಿಡಿಕೆ ಅನ್ನುವ ತಂತ್ರಾಂಶ ಇದೆ. ಒಂದೆರಡು ಸಿಪಿಯು ಕೋರ್ ಪೂರ್ತಿ ಇದಕ್ಕೇ ಮೀಸಲಿಡಬೇಕು, ಅಷ್ಟು ಬೇಕಾ ಅಂತ ಯೋಚಿಸಿ.

ಎಲ್ಲರಿಗೂ ಆರ್‌ಡಿಎಂಎ ಬೇಕಾ?

ಬೇಡ. 2018ರಲ್ಲಿ ಬಂದ ಎನ್‌ವಿಎಂಇ ಓವರ್ ಟಿಸಿಪಿ ಯಾವ ಸ್ವಿಚ್‌ನಲ್ಲಾದರೂ ಓಡುತ್ತದೆ. ಪಿಎಫ್‌ಸಿ ಬೇಡ, ವಿಶೇಷ ಕಾರ್ಡ್ ಬೇಡ. ಸಿಪಿಯು ಖರ್ಚು ಮತ್ತು ಲೇಟೆನ್ಸಿ ಸ್ವಲ್ಪ ಜಾಸ್ತಿ. ಸ್ವಿಚ್ ನೋಡಿಕೊಳ್ಳುವ ತಂಡದ ಜೊತೆ ಕೂತು ಮೇಲಿನ ಹೊಂದಾಣಿಕೆ ಮಾಡುವ ಅವಕಾಶವೇ ಇಲ್ಲದಿದ್ದರೆ, ಚೆನ್ನಾಗಿ ಓಡುವ ಟಿಸಿಪಿಯೇ ಅರೆಬರೆ ರಾಕಿಗಿಂತ ಎಷ್ಟೋ ಮೇಲು.

ಕಲಿಯುವವರಿಗೆ ಮಾತ್ರ ದುಬಾರಿ ಕಾರ್ಡ್ ಬೇಕಿಲ್ಲ. ಲಿನಕ್ಸ್‌ನಲ್ಲಿ ಸಾಫ್ಟ್ ರಾಕಿ ಇದೆ. ಮಾಮೂಲಿ ನೆಟ್‌ವರ್ಕ್ ಕಾರ್ಡ್ ಮೇಲೆ ಆರ್‌ಡಿಎಂಎಯನ್ನು ತಂತ್ರಾಂಶದಲ್ಲೇ ಓಡಿಸುತ್ತದೆ. ವೇಗ ಇರುವುದಿಲ್ಲ, ಆದರೆ ಟಾರ್ಗೆಟ್ ಕಟ್ಟುವುದು, ಕನೆಕ್ಟ್ ಮಾಡುವುದು, ನಲ್ ಬ್ಲಾಕ್ ಪ್ರಯೋಗ ಎಲ್ಲವನ್ನೂ ಕಲಿಯಬಹುದು. ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ನಲ್ಲಿರುವ ಎರಡು ಹಳೆಯ ಕಂಪ್ಯೂಟರ್ ಸಾಕು.

ನಿಜವಾದ ಬಳಕೆಗೆ ಇಳಿಸುವ ಮೊದಲು ಎರಡು ದಾರಿಗಳನ್ನು ಪರೀಕ್ಷಿಸಬೇಕು. ಎರಡು ಸ್ವಿಚ್ ಮೂಲಕ ಎರಡು ಸಂಪರ್ಕ ಇಟ್ಟಿದ್ದರೂ ಲಿನಕ್ಸ್ ತಾನಾಗಿ ನ್ಯೂಮಾ ಪ್ರಕಾರ ಹತ್ತಿರದ ಒಂದನ್ನೇ ಬಳಸುತ್ತದೆ. ಇನ್ನೊಂದು ಸುಮ್ಮನೆ ಕೂತಿರುತ್ತದೆ. ಐಒ ಪಾಲಿಸಿಯನ್ನು ರೌಂಡ್ ರಾಬಿನ್ ಮಾಡಿದರೆ ಎರಡೂ ಕೆಲಸ ಮಾಡುತ್ತವೆ. ಲಿನಕ್ಸ್ 6.11ರಿಂದ ಕ್ಯೂ ಡೆಪ್ತ್ ಅನ್ನುವ ಪಾಲಿಸಿಯೂ ಇದೆ. ಯಾವ ದಾರಿಯಲ್ಲಿ ಕೆಲಸ ಕಡಿಮೆ ಬಾಕಿ ಇದೆಯೋ ಅಲ್ಲಿಗೆ ಕಳಿಸುತ್ತದೆ. ಒಂದು ದಾರಿ ನಿಧಾನವಾದಾಗ ಅದು ಬಹಳ ಸಹಾಯ.

ಫಿಯೋ ಪೂರ್ತಿ ಹೊರೆಯಲ್ಲಿ ಓಡುತ್ತಿರುವಾಗಲೇ ಒಂದು ಕೇಬಲ್ ಕಿತ್ತು ನೋಡಿ. ಎಷ್ಟು ಸೆಕೆಂಡ್ ಎಲ್ಲ ಸ್ತಬ್ಧವಾಯಿತು ಅಂತ ಬರೆದುಕೊಳ್ಳಿ. ಆಮೇಲೆ ಎರಡನೆಯದನ್ನೂ ಕಿತ್ತು ನೋಡಿ. ಹೋಸ್ಟ್ 10 ಸೆಕೆಂಡಿಗೊಮ್ಮೆ ಮತ್ತೆ ಸೇರಲು ಯತ್ನಿಸುತ್ತದೆ, 600 ಸೆಕೆಂಡ್ ಆದ ಮೇಲೆ ಕೈಬಿಡುತ್ತದೆ. ಆ 10 ನಿಮಿಷ ಡೇಟಾಬೇಸ್‌ಗೆ ಯಾವ ಎರರೂ ಬರದೆ ಅದು ಸುಮ್ಮನೆ ನಿಂತಿರಬಹುದು. ಅಷ್ಟು ಕಾಯುವುದು ಬೇಡವೆಂದರೆ ಫಾಸ್ಟ್ ಐಒ ಫೇಲ್ ಅನ್ನುವ ಟೈಮ್‌ಔಟ್ ಇಡಿ. ಅದರ ಅಂಕಿಯನ್ನು ಡೇಟಾಬೇಸ್ ನೋಡಿಕೊಳ್ಳುವವರ ಜೊತೆ ಕೂತು ನಿರ್ಧರಿಸಿ. ಮೊದಲ ಕೇಬಲ್ ಕಿತ್ತಾಗ ಬರೆದುಕೊಂಡ ಸೆಕೆಂಡುಗಳಿಗಿಂತ ಅದು ಜಾಸ್ತಿ ಇರಬೇಕು, ಅವರ ಕ್ಲಸ್ಟರ್‌ನ ಟೈಮ್‌ಔಟ್‌ಗಿಂತ ಕಡಿಮೆ ಇರಬೇಕು.